ಹದಿನಾಲ್ಕು ಗುಳಿಗಳ ಸಾಕ್ಷ್ಯಚಿತ್ರ

ಸಭಾಂಗಣದ ದೀಪಗಳು ಆರಿದೊಡನೆ ನನ್ನ ಬಲಗೈಯ ಬೆರಳುಗಳು ಎಣಿಸತೊಡಗುತ್ತವೆ. ಇದರಲ್ಲಿ ನನ್ನ ಇಚ್ಛೆಯ ಪಾತ್ರವೇನೂ ಇಲ್ಲ. ಸಿನೆಮಾ ಇರಲಿ, ನೆಂಟರ ಮನೆಯ ಮದುವೆಯ ವೀಡಿಯೋ ಇರಲಿ, ತೆರೆಯ ಮೇಲೆ ಗಂಡಸು ಕಂಡರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತದೆ. ಹೆಂಗಸು ಕಂಡರೆ ಕಿರುಬೆರಳಿನ ಕಡೆಗೆ ಹೋಗುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ಜಪವೆಂದು ಭಾವಿಸಿ, ಗಂಡನ ದೈವಭಕ್ತಿಗೆ ಮನಸ್ಸಿನಲ್ಲೇ ಸಂತೋಷಪಟ್ಟಿದ್ದಳಂತೆ. ನಿಜಸಂಗತಿಯನ್ನು ತಿಳಿಸಿದ ಮೇಲೆ ಆಕೆ ಥಿಯೇಟರಿನಲ್ಲಿ ನನ್ನಿಂದ ಒಂದು ಕುರ್ಚಿ ಬಿಟ್ಟು ಕುಳಿತುಕೊಳ್ಳುತ್ತಾಳೆ.

ಈ ಅಭ್ಯಾಸಕ್ಕೆ ಮೂಲಕಾರಣ ಪರಮಾಣು ವಿದ್ಯುತ್ತು ಎಂದರೆ ನೀವು ನಂಬುವುದು ಕಷ್ಟ. ಆದುದರಿಂದ ವಿವರಿಸುವುದು ನನ್ನ ಕರ್ತವ್ಯವಾಗಿದೆ.

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯ ವ್ಯಕ್ತಿ ನಾನು. ಇದು ಹೆಮ್ಮೆಯ ವಿಷಯವೆಂದು ಇತರರು ಹೇಳುತ್ತಿದ್ದರು; ನನಗೆ ಮಾತ್ರ ಅದು ಎರವಲು ತಂದ ಅಂಗಿಯಂತೆ ಇತ್ತು. ಎಲ್ಲಿ ಕಲೆಯಾಗುವುದೋ, ಎಲ್ಲಿ ಹರಿಯುವುದೋ ಎಂಬ ಚಿಂತೆಯಲ್ಲೇ ದಿನ ಕಳೆಯುತ್ತಿತ್ತು. ನಾಲ್ಕು ಜನರೆದುರು ತಪ್ಪು ವಾಕ್ಯ ಆಡಿದರೆ ವಿಶ್ವವಿದ್ಯಾನಿಲಯದವರು ಬಂದು ಸರ್ಟಿಫಿಕೇಟನ್ನು ಹಿಂದಕ್ಕೆ ಒಯ್ಯುವರೆಂಬ ಭಯ ನನ್ನನ್ನು ಬಹುಕಾಲ ಕಾಡಿತು. ಒಮ್ಮೆ ಪುತ್ತೂರಿನ ಬಸ್ಸಿನಲ್ಲಿ ಕಂಡಕ್ಟರನೊಡನೆ, ‘ದಯವಿಟ್ಟು ಕುಂಬ್ರದವರೆಗೆ ಒಂದು ಪ್ರಯಾಣಚೀಟಿಯನ್ನು ಒದಗಿಸಬೇಕು’ ಎಂದುಬಿಟ್ಟೆ. ಆತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇವತ್ತು ನಾಟಕ ಎಲ್ಲಿ ಎಂದು ವಿನಯದಿಂದಲೇ ವಿಚಾರಿಸಿದ.

ಎಂಬತ್ತರ ದಶಕದ ಆರಂಭದಲ್ಲಿ ಇಂತಹ ನಾನು ಪುತ್ತೂರಿನ ಒಂದು ಸರಕಾರಿ ಪ್ರಚಾರ ಕಚೇರಿಯಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿಕೊಂಡೆ. ಕಚೇರಿಗೆ ಒಂದು ವ್ಯಾನು, ಒಂದು ಪ್ರೊಜೆಕ್ಟರು ಮತ್ತು ಹಸನ್ ಕಾಕ ಇದ್ದರು. ಹಸನ್ ಕಾಕನವರೇ ವ್ಯಾನಿನ ಚಾಲಕರು, ಪ್ರೊಜೆಕ್ಟರಿನ ಆಪರೇಟರು ಮತ್ತು, ಯಾರೂ ನೇಮಿಸದಿದ್ದರೂ, ಚಿತ್ರಗಳ ವಿಮರ್ಶಕರು. ಕುಟುಂಬ ಯೋಜನೆ, ಸಣ್ಣ ಉಳಿತಾಯ, ಭತ್ತದ ರೋಗ ಇತ್ಯಾದಿ ವಿಷಯಗಳ ಸಾಕ್ಷ್ಯಚಿತ್ರಗಳನ್ನು ನಾವು ಊರೂರಿಗೆ ಒಯ್ದು ಶಾಲೆಗಳ ಹಾಲ್‌ಗಳಲ್ಲಿ ತೋರಿಸುತ್ತಿದ್ದೆವು. ನಡು ಮಧ್ಯಾಹ್ನವೇ ಕಿಟಕಿಗಳಿಗೆ ಗೋಣಿ ಕಟ್ಟಿ, ಬಾಗಿಲಿಗೆ ಜಮಖಾನೆ ಇಳಿಬಿಟ್ಟು, ನಾವೇ ಕತ್ತಲೆಯನ್ನು ತಯಾರಿಸಿಕೊಳ್ಳುವುದು ನಮ್ಮ ಕ್ರಮ. ಗೋಣಿಯ ತೂತುಗಳಿಂದ ಬಂದ ಬಿಸಿಲಿನ ಚುಕ್ಕಿಗಳು ತೆರೆಯ ಮೇಲೂ ಬೀಳುತ್ತಿದ್ದುದರಿಂದ ನಮ್ಮ ಭತ್ತಕ್ಕೆ ಸದಾ ಒಂದು ಹೆಚ್ಚುವರಿ ರೋಗವಿರುತ್ತಿತ್ತು.

ನನ್ನ ಕೆಲಸ ಖಾಯಂ ಆಗಬೇಕಾದರೆ ನಮ್ಮ ಅಧಿಕಾರಿಗಳು ಶಿಫಾರಸು ಬರೆಯಬೇಕಾಗಿತ್ತು. ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮ, ನಾನು ಮನೆಗೆ ಹೋದಾಗಲೆಲ್ಲ ಕೈಯಲ್ಲಿದ್ದ ಎಲೆಯಿಂದ ಕಣ್ಣೆತ್ತದೆ ‘ಆಯಿತಾ?’ ಎಂದು ಕೇಳುತ್ತಿದ್ದಳು. ಏನು ಆಯಿತೆಂದು ಆಕೆ ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ‘ಇನ್ನೂ ಇಲ್ಲ’ ಎಂದರೆ ಆ ಎಲೆಯನ್ನು ಸುತ್ತಿ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು.

ಇಂತಹ ಹೊತ್ತಿನಲ್ಲಿ ಬಂದದ್ದು ಪರಮಾಣು ವಿದ್ಯುತ್ತಿನ ಸಾಕ್ಷ್ಯಚಿತ್ರ. ಎರಡು ರೀಲುಗಳ ಆ ಚಿತ್ರದ ಜೊತೆಗೆ ಮೇಲಿನ ಕಚೇರಿಯಿಂದ ಒಂದು ನಮೂನೆಯ ಎರಡು ಪ್ರತಿಗಳೂ ಬಂದಿದ್ದುವು. ಚಿತ್ರದಲ್ಲಿ ಸಮಾಜದ ಎಲ್ಲ ವರ್ಗದವರೂ ಕಾಣಿಸಿಕೊಂಡಿದ್ದಾರೆಯೇ ಎಂಬುದನ್ನು ಪ್ರದರ್ಶನದ ಸಮಯದಲ್ಲೇ ಎಣಿಸಿ, ಭರ್ತಿ ಮಾಡಿ ಕಳುಹಿಸತಕ್ಕದ್ದು. ವಿಜ್ಞಾನಿ, ಎಂಜಿನಿಯರ್, ಕಾರ್ಮಿಕ, ಕೃಷಿಕ, ವಿದ್ಯಾರ್ಥಿ, ಅಧಿಕಾರಿ, ಇತರರು: ಹೀಗೆ ಏಳು ಅಂಕಣಗಳು. ಪ್ರತಿಯೊಂದಕ್ಕೂ ಮೇಲೆ ಪುರುಷರು, ಕೆಳಗೆ ಮಹಿಳೆಯರು. ಕೊನೆಯಲ್ಲಿ, ‘ಪ್ರಾತಿನಿಧ್ಯವು ಸಮರ್ಪಕವಾಗಿದೆಯೇ? ಕಾರಣಸಹಿತ ವಿವರಿಸಿ’ ಎಂಬ ಸಾಲು. ಪರೀಕ್ಷೆಯ ಪ್ರಶ್ನೆಯಂತಿದ್ದ ಆ ಸಾಲನ್ನು ನೋಡಿದೊಡನೆ ನಾನು ಪೆನ್ಸಿಲು ಹೆರೆದುಕೊಂಡೆ.

ಹಸನ್ ಕಾಕ ನಮೂನೆಯನ್ನು ಓದಿಸಿಕೊಂಡು, ‘ಇದರಲ್ಲಿ ಡ್ರೈವರಿಗೆ ಜಾಗ ಉಂಟಾ?’ ಎಂದು ಕೇಳಿದರು.

‘ಇತರರು ಎಂಬ ಅಂಕಣದಲ್ಲಿ ಪರಿಗಣಿಸಬಹುದು’ ಎಂದೆ.

‘ಬೀಡಿ ಕಟ್ಟುವವರು? ಮೀನು ಮಾರುವವರು? ದುಬೈಗೆ ಹೋದವರು?’

‘ಅವರೂ ಇತರರೇ.’

‘ಹಾಗಾದ್ರೆ ನಮ್ಮ ಊರಿಗೆ ಊರೇ ಇತರರು, ಮಾರಾಯ್ರೆ’ ಎಂದು ಅವರು ನಕ್ಕರು. ನಮೂನೆಯನ್ನು ಅಪಹಾಸ್ಯ ಮಾಡುವುದು ಸರಿಯಲ್ಲವೆಂದು ನನಗೆ ಅನ್ನಿಸಿತು; ಅದನ್ನು ಭದ್ರವಾಗಿ ಫೈಲಿನೊಳಗೆ ಇಟ್ಟೆ.

ಮೊದಲನೆಯ ಪ್ರದರ್ಶನ ಪಂಜದ ಶಾಲೆಯಲ್ಲಿ ನಡೆಯಿತು. ಕತ್ತಲೆಯಲ್ಲಿ ನಮೂನೆಯನ್ನು ತೊಡೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. ಚಿತ್ರದ ಹಿನ್ನೆಲೆಯ ಧ್ವನಿ ವಿದಳನ, ಸಂವರ್ಧನ, ಸ್ವಾವಲಂಬನ ಎಂದು ಗಂಭೀರವಾಗಿ ಸಾಗುತ್ತಿತ್ತು. ಇಡೀ ಹಾಲ್‌ನಲ್ಲಿ ಆ ಭಾಷೆಗೆ ತಲೆದೂಗಿದವನು ನಾನೊಬ್ಬನೇ ಇರಬೇಕು. ಕೃಷಿಕರೊಬ್ಬರು ಎದ್ದು, ಈ ಕರೆಂಟು ಬಂದರೆ ನಮ್ಮ ಪಂಪು ತಿರುಗುವುದೇ, ಈಗಿನ ಕರೆಂಟಿನಲ್ಲಿ ಬಲ್ಬಿನ ಒಳಗಿನ ತಂತಿಯನ್ನು ಎಣಿಸಬಹುದು ಎಂದರು. ಇದು ಬಂದರೆ ನಿಮ್ಮ ಪಂಪು ಕುಮಾರಧಾರೆ ಹೊಳೆಯನ್ನೇ ಒಣಗಿಸೀತು ಎಂದು ಹಸನ್ ಕಾಕ ಇಲಾಖೆಯ ಪರವಾಗಿ ಭರವಸೆ ಕೊಟ್ಟರು. ಬೆಳಕಾದ ಮೇಲೆ ನೋಡಿದರೆ ನನ್ನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು, ವಿಜ್ಞಾನಿಗಳೂ ಕೃಷಿಕರೂ ಒಂದೇ ಪೊದೆಯಾಗಿದ್ದರು. ನಮೂನೆ ಅಲ್ಲಿಗೆ ಹಾಳಾಯಿತು. ಉಳಿದದ್ದು ಇನ್ನೊಂದೇ ಪ್ರತಿ.

ಮರುದಿನದ ಪ್ರದರ್ಶನ ನಮ್ಮ ಮನೆಗೆ ಸಮೀಪದ ನರಿಮೊಗರಿನಲ್ಲಿತ್ತು. ಬೆಳಗ್ಗೆ ಕಾಫಿ ಕುಡಿಯುತ್ತ ನನ್ನ ಕಷ್ಟವನ್ನು ಅಮ್ಮನಿಗೆ ವಿವರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಹೊಳೆಯಿತು. ಎರಡು ಸಾಲು, ಸಾಲಿಗೆ ಏಳು. ನಮ್ಮ ಅಟ್ಟದಲ್ಲಿದ್ದ ಚೆನ್ನೆಮಣೆಗೂ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಯೊಂದಕ್ಕೆ ಅಂಕಣವೊಂದು, ತೆರೆಯ ಮೇಲೆ ಒಬ್ಬರು ಬಂದರೆ ಒಂದು ಮಂಜೊಟ್ಟಿ ಕಾಯಿ. ಆ ಕೆಂಪು ಬೀಜಗಳನ್ನು ಬಾಲ್ಯದಿಂದಲೂ ಗುಳಿಗಳಿಗೆ ಹಂಚಿ ಆಡಿದ್ದ ನನ್ನ ಬೆರಳುಗಳಿಗೆ ಬೆಳಕು ಬೇಕಾಗಿರಲಿಲ್ಲ. ಒಂದು ಪದವಿ ಸಾರ್ಥಕವಾದ ಭಾವ ನನ್ನಲ್ಲಿ ಮೂಡಿತು.

ಅಮ್ಮ ಮಾತ್ರ ಒಪ್ಪಲಿಲ್ಲ. ಚೆನ್ನೆಮಣೆಯನ್ನು ಆಡುವುದು ಮಳೆಗಾಲದ ಆಟಿ ತಿಂಗಳಿನಲ್ಲಿ ಮಾತ್ರ. ಅದಕ್ಕೆ ಇನ್ನೂ ಆರು ತಿಂಗಳಿತ್ತು.

‘ಆಟಿ ಅಲ್ಲದೆ ಮಣೆ ಇಳಿಸ್ಲಿಕ್ಕಿಲ್ಲ ಮಗಾ. ಮನೆಗೆ ಒಳ್ಳೆದಲ್ಲ.’

‘ಇದು ಆಟವಲ್ಲ, ಸರಕಾರಿ ಕೆಲಸ. ಖಾಯಂ ಆಗಲಿಕ್ಕೆ ಬೇಕಾದದ್ದು’ ಎಂದೆ.

ಖಾಯಂ ಎಂಬ ಪದ ಕೇಳಿದ ಮೇಲೆ ಆಕೆ ಏಣಿ ಹುಡುಕಿದಳು. ‘ಆದರೆ ಯಾರೂ ಆಡ್ಲಿಕ್ಕಿಲ್ಲ’ ಎಂದು ಮೂರು ಸಲ ಹೇಳಿ ಮಣೆಯನ್ನು ಇಳಿಸಿ, ಧೂಳು ಒರೆಸಿ, ಬೀಜದ ಚೀಲದೊಡನೆ ನನ್ನ ಕೈಗೆ ಕೊಟ್ಟಳು.

ಮಣೆಯ ಯೋಗಕ್ಷೇಮ ನೋಡಿಕೊಳ್ಳಲು ಎಂಬ ನೆಪದಿಂದ ಮಧ್ಯಾಹ್ನ ತಾನೂ ಚಿತ್ರ ನೋಡಲು ಬಂದಳು. ಜೊತೆಗೆ ಪಕ್ಕದ ಮನೆಯ ಐಸಮ್ಮನವರು. ಇಬ್ಬರೂ ಮೂವತ್ತು ವರ್ಷಗಳಿಂದ ಒಂದೇ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಅಮ್ಮ ತುಳುವಿನಲ್ಲಿ ಆರಂಭಿಸಿದ ಮಾತನ್ನು ಐಸಮ್ಮ ಬ್ಯಾರಿ ಭಾಷೆಯಲ್ಲಿ ಮುಗಿಸುವಷ್ಟು ಹೊಂದಾಣಿಕೆ ಅವರಲ್ಲಿತ್ತು. ಶಾಲೆಯಲ್ಲಿ ಎಲ್ಲರೆದುರು ಅಮ್ಮ ‘ಮಗಾ’ ಎಂದು ಕರೆದಾಳೆಂಬ ಅಳುಕಿನಿಂದ ನಾನು ಇಬ್ಬರನ್ನೂ ಕೊನೆಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಬೀಡಿಯ ಗೆರಸೆಗಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಅವರ ನಾಲ್ಕು ಕೈಗಳಿಗೆ ಆ ದಿನ ಕೆಲಸವಿರಲಿಲ್ಲ. ಈ ಅಂಶವನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ಮೊದಲನೆಯ ರೀಲು ಸುಸೂತ್ರವಾಗಿ ಸಾಗಿತು. ಕನ್ನಡಕದ ವಿಜ್ಞಾನಿಗಳು, ಹೆಲ್ಮೆಟ್ಟಿನ ಎಂಜಿನಿಯರುಗಳು, ಬಿಳಿ ಅಂಗಿಯ ಅಧಿಕಾರಿಗಳು ಬಂದುಹೋಗುತ್ತಿದ್ದಂತೆ ನಾನು ಟಕ್ ಟಕ್ ಎಂದು ಬೀಜ ಹಾಕುತ್ತ ಹೋದೆ. ರೀಲು ಬದಲಿಸುವಾಗ ಮುಖ್ಯೋಪಾಧ್ಯಾಯರು ಚಹಾಕ್ಕೆ ಕರೆದರು. ಕರೆದಾಗ ಹೋಗದಿರುವುದು ಸಭ್ಯತೆಯಲ್ಲ. ಮಣೆಯ ಮೇಲೆ ಟವೆಲು ಹೊದೆಸಿ, ಸ್ವಲ್ಪ ನೋಡಿಕೊಳ್ಳಿ ಎಂದು ಇಬ್ಬರಿಗೂ ಒಪ್ಪಿಸಿ ಎದ್ದೆ. ಮರಳಿ ಬರುವಾಗ ಹಾಲ್ ಕತ್ತಲಾಗಿತ್ತು. ಟವೆಲು ಹಾಗೆಯೇ ಇತ್ತು. ಅದನ್ನು ಸರಿಸಿ ಎಣಿಕೆ ಮುಂದುವರಿಸಿದೆ.

ಚಿತ್ರ ಮುಗಿದು ಕಿಟಕಿಯ ಗೋಣಿಗಳನ್ನು ಬಿಚ್ಚಿದಾಗ ನಾನು ಮಣೆಯನ್ನು ನೋಡಿ ಬೆರಗಾದೆ. ಮಹಿಳೆಯರ ಸಾಲಿನಲ್ಲಿ ವಿಜ್ಞಾನಿ ನಾಲ್ಕು, ಎಂಜಿನಿಯರ್ ನಾಲ್ಕು, ಕಾರ್ಮಿಕ ನಾಲ್ಕು, ಕೃಷಿಕ ನಾಲ್ಕು, ಹೀಗೆ ಸಾಲಿನುದ್ದಕ್ಕೂ ನಾಲ್ಕು ನಾಲ್ಕು. ಕೊನೆಯ ‘ಇತರರು’ ಎಂಬ ಗುಳಿಯಲ್ಲಿ ಮಾತ್ರ ಐದು. ನನ್ನ ನೆನಪಿನ ಪ್ರಕಾರ ಆ ಸಾಲಿಗೆ ನಾನು ಹಾಕಿದ್ದು ಎರಡನೆಯ ರೀಲಿನಲ್ಲಿ ಬಂದ ಒಬ್ಬ ಗೃಹಿಣಿಯ ಬೀಜ ಮಾತ್ರ. ಆದರೆ ಬೀಜಗಳು ಕಣ್ಣೆದುರು ಇದ್ದುವು. ಕಣ್ಣೆದುರಿನ ಅಂಕಿಅಂಶದ ಮುಂದೆ ಒಬ್ಬ ತಾತ್ಕಾಲಿಕ ಸಹಾಯಕನ ನೆನಪಿಗೆ ಏನು ಬೆಲೆ? ಕೆಲವು ದೃಶ್ಯಗಳಲ್ಲಿ ಎಲ್ಲರೂ ಮುಖಕ್ಕೆ ಮಾಸ್ಕು, ತಲೆಗೆ ಟೊಪ್ಪಿ ಧರಿಸಿದ್ದರು. ಅವರ ಒಳಗೆ ಯಾರಿದ್ದರೋ. ನನ್ನ ಬೆರಳುಗಳು ನನಗಿಂತ ಚೆನ್ನಾಗಿ ಕಂಡಿರಬೇಕು. ವರ್ಗಕ್ಕೆ ನಾಲ್ವರಂತೆ ಸರಿಯಾಗಿ ಬಂದಿರುವುದನ್ನು ನೋಡಿದರೆ, ಚಿತ್ರ ತೆಗೆದವರು ಮೊದಲೇ ಯೋಜನೆ ಹಾಕಿಕೊಂಡಿರುವುದು ಸ್ಪಷ್ಟವಿತ್ತು. ಅವರ ಶಿಸ್ತಿನ ಬಗ್ಗೆ ನನಗೆ ಗೌರವವೇ ಉಂಟಾಯಿತು.

ಆ ಗೌರವವನ್ನು ವರದಿಯಲ್ಲಿ ಧಾರಾಳವಾಗಿ ಬಳಸಿದೆ. ‘ಪ್ರತಿಯೊಂದು ಕ್ಷೇತ್ರದಲ್ಲಿಯೂ ಮಹಿಳೆಯರಿಗೆ ಕನಿಷ್ಠ ನಾಲ್ಕು ಸ್ಥಾನಗಳನ್ನು ಕಲ್ಪಿಸಿರುವುದು ನಿರ್ಮಾಪಕರ ಸಮದೃಷ್ಟಿಗೆ ನಿದರ್ಶನವಾಗಿದೆ’ ಎಂಬ ವಾಕ್ಯವನ್ನು ಮೂರು ಬಾರಿ ತಿದ್ದಿ ಬರೆದೆ. ಮರುದಿನ ಅದನ್ನು ಓದಿದ ಅಧಿಕಾರಿಗಳು ಎದ್ದು ನಿಂತರು. ಅವರು ಮಿತಭಾಷಿಗಳು, ಯಾವುದಕ್ಕೂ ಏಳುವವರಲ್ಲ. ಬರುವ ಶನಿವಾರ ಕಡಬದ ಪ್ರದರ್ಶನಕ್ಕೆ ತಾವೇ ಬರುವುದಾಗಿಯೂ, ಅಲ್ಲಿನ ಮಹಿಳಾ ಮಂಡಲದವರನ್ನು ಆಹ್ವಾನಿಸಿ ಈ ವರದಿಯನ್ನು ಓದಿ ಹೇಳುವುದಾಗಿಯೂ, ನನ್ನ ಶಿಫಾರಸನ್ನು ಆ ಕಾರ್ಯಕ್ರಮ ಮುಗಿದೊಡನೆ ಬರೆಯುವುದಾಗಿಯೂ ತಿಳಿಸಿದರು.

ಶನಿವಾರ ಬೆಳಗ್ಗೆ ಹೊರಡುವ ಮೊದಲು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಜಗಲಿಯಲ್ಲಿ ಐಸಮ್ಮನವರೂ ಇದ್ದರು. ಇಪ್ಪತ್ತೊಂಬತ್ತು ಹೆಂಗಸರು ಎಂದಾಗ ಅಮ್ಮನ ಕೈ ನಿಂತಿತು.

‘ಎಲ್ಲಿಂದ ಇಪ್ಪತ್ತೊಂಬತ್ತು? ಒಬ್ಬಳು ಸ್ವಿಚ್ ಹಾಕಿ ನಗಾಡಿದಳು. ಮತ್ತೆ ಜಲ್ಲಿ ಹೊರುವವರದ್ದು ಕಾಲು ಮಾತ್ರ ಕಂಡದ್ದು. ಅಷ್ಟೇ ಅಲ್ವಾ ಐಸಮ್ಮ?’

‘ಕಾಲು ಗಂಡಸಿನದ್ದಾ ಹೆಂಗಸಿನದ್ದಾ ಅಂತಲೂ ಸಮ ಗೊತ್ತಾಗಲಿಲ್ಲ’ ಎಂದರು ಐಸಮ್ಮ.

ನಾನು ಮಣೆಯ ಲೆಕ್ಕ ಹೇಳಿದೆ. ಗುಳಿಗೆ ನಾಲ್ಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಅದು ನಾವು ಇಟ್ಟದ್ದು’ ಎಂದಳು ಅಮ್ಮ. ‘ಆಡಲಿಲ್ಲ, ದೇವರಾಣೆ ಆಡಲಿಲ್ಲ. ಟವೆಲು ತೆಗೆದು ನೋಡುವಾಗ ಒಂದು ಸಾಲಿನಲ್ಲಿ ರಾಶಿ, ಒಂದು ಸಾಲು ಖಾಲಿ. ಹಾಗೆ ಮಣೆ ಇಡ್ಲಿಕ್ಕುಂಟಾ? ನಾಲ್ಕು ನಾಲ್ಕು ಮಾಡಿ ಸರಿ ಇಟ್ಟೆವು.’

‘ಕಡಿಮೆ ಬಿದ್ದದ್ದನ್ನು ಚೀಲದಿಂದ ಹಾಕಿದೆವು’ ಎಂದು ಐಸಮ್ಮ ಸೇರಿಸಿದರು, ನನಗೆ ಸಮಾಧಾನವಾಗಲೆಂದು.

ಅವರನ್ನು ಬೈಯುವಂತಿರಲಿಲ್ಲ. ನಮ್ಮಲ್ಲಿ ಚೆನ್ನೆಮಣೆಯನ್ನು ಇಡುವ ಕ್ರಮವೇ ಅದು. ಗುಳಿಗೆ ನಾಲ್ಕು ಬೀಜವಿಲ್ಲದ ಮಣೆ, ಗುಂಡಿ ತಪ್ಪಿ ಹಾಕಿದ ಅಂಗಿಯ ಹಾಗೆ. ಕಂಡವರು ಸರಿಪಡಿಸದೆ ಬಿಡುವುದಿಲ್ಲ. ನಾನೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಡಬದ ದಾರಿಯಲ್ಲಿ ಹಸನ್ ಕಾಕನವರಿಗೆ ವಿಷಯ ತಿಳಿಸಿದೆ. ಅವರು ವ್ಯಾನನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು, ಕಣ್ಣೀರು ಬರುವವರೆಗೆ ನಕ್ಕರು. ಆಮೇಲೆ ಮುಖ ಒರೆಸಿಕೊಂಡು ಉಪಾಯ ಹೇಳಿದರು.

‘ಮಾಸ್ಕ್ ಹಾಕಿದವರು ಉಂಟಲ್ಲ, ಅವರೆಲ್ಲ ಹೆಂಗಸರು ಅಂತ ಹೇಳಿ. ಮಾಸ್ಕ್ ತೆಗೆದು ನೋಡುದು ಯಾರು? ಖಾಯಂ ಆದ ಮೇಲೆ ಬೇಕಾದಷ್ಟು ಸತ್ಯ ಹೇಳಬಹುದು ಮಾರಾಯ್ರೆ.’

ಉಪಾಯ ಚೆನ್ನಾಗಿಯೇ ಇತ್ತು. ಅದು ನನಗೂ ಮೊದಲೇ ಹೊಳೆದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಡಬದಲ್ಲಿ ಅಧಿಕಾರಿಗಳ ಜೀಪು ನಮಗಿಂತ ಮೊದಲೇ ಬಂದಿತ್ತು. ನಾನು ಅವರ ಬಳಿ ಹೋಗಿ, ದಾರಿಯುದ್ದಕ್ಕೂ ಕಟ್ಟಿದ್ದ ವಾಕ್ಯವನ್ನು ಒಪ್ಪಿಸಿದೆ: ‘ಮಾನ್ಯರೇ, ಸದರಿ ವರದಿಯ ಅಂಕಿಅಂಶಗಳಲ್ಲಿ ಅನಿವಾರ್ಯ ಕಾರಣಗಳಿಂದ ಕಿಂಚಿತ್ ವ್ಯತ್ಯಯ ಸಂಭವಿಸಿರುವ ಸಾಧ್ಯತೆಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.’ ಅವರು ನನ್ನ ಬೆನ್ನು ತಟ್ಟಿ, ಇಷ್ಟು ಒಳ್ಳೆಯ ವಾಕ್ಯ ಬರೆಯುವವರಿಗೆ ಇಷ್ಟು ವಿನಯ ಬೇಡ ಎಂದು ಒಳಗೆ ನಡೆದರು. ಶುದ್ಧ ಭಾಷೆಯಿಂದ ಮನುಷ್ಯನಿಗೆ ಇಂತಹ ಅಪಾಯವೂ ಇದೆಯೆಂದು ಯಾವ ಪ್ರಾಧ್ಯಾಪಕರೂ ನನಗೆ ಹೇಳಿರಲಿಲ್ಲ.

ಮಹಿಳಾ ಮಂಡಲದವರು ಮುಂದಿನ ನಾಲ್ಕು ಬೆಂಚು ತುಂಬಿದ್ದರು. ಅವರ ಅಧ್ಯಕ್ಷೆ ಸರಸ್ವತಿ ಟೀಚರ್. ತಲೆ ನರೆತ, ಕನ್ನಡಕದ ಮೇಲಿನಿಂದ ನೋಡುವ ಗಣಿತದ ಅಧ್ಯಾಪಕಿ. ಅಧಿಕಾರಿಗಳು ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ನಾಲ್ಕು ಮಹಿಳಾ ವಿಜ್ಞಾನಿಗಳು ಎಂದಾಗ ಚಪ್ಪಾಳೆ, ನಾಲ್ಕು ಮಹಿಳಾ ಎಂಜಿನಿಯರುಗಳು ಎಂದಾಗ ಇನ್ನೂ ಜೋರಾಗಿ ಚಪ್ಪಾಳೆ. ಹಿಂದಿನ ಬೆಂಚಿನ ಹುಡುಗಿಯರು ಕತ್ತು ಉದ್ದ ಮಾಡಿ ಕುಳಿತರು. ದೀಪ ಆರಿತು.

ಪಂಜದವರು ಪಂಪಿಗಾಗಿ ಚಿತ್ರ ನೋಡಿದ್ದರು. ಕಡಬದವರು ಆ ಹೆಂಗಸರಿಗಾಗಿ ನೋಡಿದರು. ಒಬ್ಬೊಬ್ಬರು ತೆರೆಯ ಮೇಲೆ ಬಂದಾಗಲೂ ಕತ್ತಲೆಯಲ್ಲಿ ಮಾತು ಕೇಳಿಸುತ್ತಿತ್ತು.

‘ಇವಳಾ?’

‘ಮೀಸೆ ಉಂಟಲ್ಲ ಮಾರಾಯ್ತಿ.’

‘ಆ ಬದಿಯವಳು?’

‘ಅವನಿಗೆ ತಲೆಯಲ್ಲಿ ಕೂದಲೇ ಇಲ್ಲ.’

ಮೊದಲನೆಯ ರೀಲು ಮುಗಿದು ಗೋಣಿ ಸರಿಸಿದಾಗ ಸರಸ್ವತಿ ಟೀಚರ್ ಎದ್ದು ನಿಂತರು. ಅರ್ಧ ಚಿತ್ರ ಮುಗಿದರೂ ಉತ್ತರ ಸೊನ್ನೆಯೇ ಬರುತ್ತಿದೆ, ಇಪ್ಪತ್ತೊಂಬತ್ತು ಜನರೂ ಎರಡನೆಯ ರೀಲಿನಲ್ಲಿದ್ದಾರೆಯೇ ಎಂದು ಕೇಳಿದರು. ಅಧಿಕಾರಿಗಳು ನನ್ನ ಕಡೆಗೆ ತಿರುಗಿದರು. ಹಸನ್ ಕಾಕ ಪ್ರೊಜೆಕ್ಟರಿನ ಹಿಂದಿನಿಂದ ತಮ್ಮ ಮೂಗು ಬಾಯಿಗಳಿಗೆ ಅಂಗೈ ಮುಚ್ಚಿ ಮಾಸ್ಕನ್ನು ನೆನಪಿಸಿದರು.

ನಾನು ಎದ್ದೆ. ಮಾಸ್ಕಿನ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸಿದ್ಧವಿದ್ದುವು. ಆದರೆ ಆ ಹುಡುಗಿಯರು ಇನ್ನೂ ಕತ್ತು ಉದ್ದ ಮಾಡಿಕೊಂಡೇ ಕುಳಿತಿದ್ದರು. ಎರಡನೆಯ ರೀಲಿನಲ್ಲೂ ಅವರು ಹಾಗೆಯೇ ಹುಡುಕುವರಲ್ಲ ಎಂದು ತೋರಿತು.

‘ಇಲ್ಲ ಟೀಚರ್. ಮುಖ ಕಾಣುದು ಒಬ್ಬಳದ್ದೇ. ಇನ್ನು ಬರ್ತಾಳೆ, ಸ್ವಿಚ್ ಹಾಕ್ಲಿಕ್ಕೆ. ಉಳಿದವರು ಚಿತ್ರದಲ್ಲಿಲ್ಲ. ಅವರನ್ನು ಹಾಕಿದ್ದು ನನ್ನ ಅಮ್ಮ.’

ಆ ಮೇಲೆ ಎಲ್ಲವನ್ನೂ ಹೇಳಿದೆ: ಮಣೆ, ಚಹಾ, ಟವೆಲು, ಚೀಲದಿಂದ ತೆಗೆದ ಬೀಜಗಳು. ಪದವೀಧರನಾದ ಮೇಲೆ ಸಭೆಯೊಂದರಲ್ಲಿ ನಾನು ಮನೆಯ ಮಾತಿನಲ್ಲಿ ಮಾತನಾಡಿದ್ದು ಅದೇ ಮೊದಲು. ಯಾರೂ ಸರ್ಟಿಫಿಕೇಟು ಕೇಳಲು ಬರಲಿಲ್ಲ. ಮೊದಲು ಒಂದು ಬೆಂಚು ನಕ್ಕಿತು, ಆಮೇಲೆ ಇಡೀ ಹಾಲ್. ಟೀಚರ್ ಮಾತ್ರ ನಗದೆ, ‘ಮುಂದಿನ ಚಿತ್ರ ತೆಗೆಯುವಾಗ ನಿಮ್ಮ ಅಮ್ಮನನ್ನೇ ಕರೆಯಲಿಕ್ಕೆ ಹೇಳಿ’ ಎಂದು ಕುಳಿತರು. ಅಧಿಕಾರಿಗಳ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಎರಡನೆಯ ರೀಲಿನ ಕೊನೆಗೆ ಆ ಗೃಹಿಣಿ ಬಂದು, ಸ್ವಿಚ್ ಒತ್ತಿ, ದೀಪದ ಕಡೆ ನೋಡಿ ನಕ್ಕಾಗ, ನಾಲ್ಕು ಬೆಂಚುಗಳೂ ಒಟ್ಟಾಗಿ ‘ಒಂದು’ ಎಂದು ಎಣಿಸಿದುವು.

ಮರಳಿ ಹೊರಡುವಾಗ ಅಧಿಕಾರಿಗಳು ನೇರವಾಗಿ ಜೀಪು ಹತ್ತಿದರು. ಭಾನುವಾರವನ್ನು ನಾನು ಹೇಗೆ ಕಳೆದೆನೆಂದು ವರ್ಣಿಸಿ ನಿಮ್ಮನ್ನು ದಣಿಸಲಾರೆ. ಅಮ್ಮ ಆ ದಿನ ‘ಆಯಿತಾ?’ ಎಂದು ಕೇಳಲಿಲ್ಲ. ಮಣೆಯನ್ನು ಅಟ್ಟಕ್ಕೇರಿಸಿ ಬಂದು ನನ್ನ ತಟ್ಟೆಗೆ ಎರಡು ದೋಸೆ ಹೆಚ್ಚು ಹಾಕಿದಳು. ಸೋಮವಾರ ಅಧಿಕಾರಿಗಳು ಹೊಸ ನಮೂನೆ ತರಿಸಿ, ಇರುವುದನ್ನು ಇರುವ ಹಾಗೆ ಬರೆಯಿಸಿದರು. ಮಹಿಳೆಯರು: ಒಬ್ಬರು. ಅಂಕಣ: ಇತರರು. ಪ್ರಾತಿನಿಧ್ಯವು ಸಮರ್ಪಕವಾಗಿದೆಯೇ ಎಂಬಲ್ಲಿ ‘ಇಲ್ಲ’ ಎಂದು ಬರೆದೆ. ಕಾರಣವನ್ನು ವಿವರಿಸಲು ಒಂದು ಪುಟ ಖಾಲಿ ಇತ್ತು. ಕಡಬದ ಬೆಂಚುಗಳು ಆಡಿದ ‘ಒಂದು’ ಎಂಬ ಮಾತನ್ನು ಹಾಗೆಯೇ ಬರೆದು ಸಹಿ ಹಾಕಿದೆ. ಅವರು ಓದಿದರು, ಈ ಸಲ ಏಳಲಿಲ್ಲ. ಡ್ರಾಯರಿನಿಂದ ನನ್ನ ಖಾಯಮಾತಿಯ ಅರ್ಜಿಯನ್ನು ತೆಗೆದು, ಅದರ ಅಂಚಿನಲ್ಲಿ ಏನನ್ನೋ ಬರೆದು, ನಾಳೆ ನೀವೇ ಮಂಗಳೂರಿಗೆ ಒಯ್ದು ಕೊಡಿ ಎಂದರು.

ಸಂಜೆ ಮನೆಗೆ ಬಂದು ಜಗಲಿಯಲ್ಲಿ ಅದನ್ನು ಬಿಡಿಸಿದೆ. ಅಮ್ಮ ಗೆರಸೆಯನ್ನು ಮಡಿಲಿನಿಂದ ಇಳಿಸದೆ, ಓದು ಎಂದು ಸನ್ನೆ ಮಾಡಿದಳು.

‘ಖಾಯಂ ಮಾಡಬಹುದು. ಸತ್ಯ ಹೇಳುವವರು’ ಎಂದು ಓದಿ ಕಾಗದವನ್ನು ಮಡಚಿದೆ.

ಓದು ಬಾರದ ಅಮ್ಮ ಕುತ್ತಿಗೆ ಚಾಚಿ ನೋಡಿದ್ದಳು. ‘ಎರಡು ಸಾಲು ಉಂಟಲ್ಲ. ಇನ್ನೊಂದರಲ್ಲಿ ಎಂತ ಉಂಟು?’

ಬೇರೆ ದಾರಿಯಿರಲಿಲ್ಲ. ಬಿಡಿಸಿ ಓದಿದೆ. ‘ಎಣಿಕೆಯ ಕೆಲಸವನ್ನು ಇವರಿಗೆ ವಹಿಸತಕ್ಕದ್ದಲ್ಲ.’

ಅಮ್ಮ ಹೊಸದೊಂದು ಎಲೆಯನ್ನು ಕೈಗೆತ್ತಿಕೊಂಡು, ‘ಅದೂ ಸತ್ಯವೇ ಅಲ್ವಾ’ ಎಂದಳು.